ನಿಮ್ಮ ಗಿರಾಕಿ ಯಾವ ಕಾಲುವೆಯವನು?

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಲ್ಲಿ ಅಪ್ಪನ ಅಂಗಡಿ ಗಲ್ಲಾ ನೋಡಿಕೊಳ್ಳೋರು ಇದ್ದೀರಿ, ಹೊಸದಾಗಿ ಬೀಜ-ಗೊಬ್ಬರದ ಅಂಗಡಿ ಇಟ್ಟೋರೂ ಇದ್ದೀರಿ. ಇವತ್ತಿನ ಮಾತು ನಿಮಗೇ.

'ಸ್ಟ್ರಾಟಜಿ' ಅಂದ್ರೆ ದೊಡ್ಡ ಕಂಪನಿಯವರ ಕೆಲಸ ಅನ್ನಿಸುತ್ತೆ. ಆದರೆ ಗಿರಾಕಿ ಕೈಗೆ ಯಾವಾಗ ದುಡ್ಡು ಬರುತ್ತೆ, ಅವನಿಗೆ ಏನು ತೊಂದರೆ ಬರಬಹುದು, ಯಾಕೆ ನಮ್ಮನ್ನ ಬಿಟ್ಟು ಹೋಗ್ತಾನೆ ಅಂತ ಕೂತು ಲೆಕ್ಕ ಹಾಕೋದೇ ಸ್ಟ್ರಾಟಜಿ.

ನಮ್ಮ ಮೂರು ತಾಲ್ಲೂಕನ್ನೇ ನೋಡ್ರಿ. ಸಿಂಧನೂರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ. ಮುಂಗಾರು ಬೆಳೆಯ ದುಡ್ಡು ಕೈಗೆ ಬರೋದು ಕಟಾವಾದ ಮೇಲೆ, ವರ್ಷದ ಕೊನೆಗೆ. ಮಸ್ಕಿಯಲ್ಲಿ ಕೆಲವು ಊರಿಗೆ ಕಾಲುವೆ ನೀರು, ಉಳಿದವು ಮಳೆ ನಂಬಿ ತೊಗರಿ, ಹತ್ತಿ ಹಾಕ್ತವೆ. ಪಾಮನಕಲ್ಲೂರು ಭಾಗದ ರೈತರು 5ಎ ಕಾಲುವೆಗಾಗಿ ಹೋರಾಟಕ್ಕೆ ಕೂತಿದ್ದು ಇದೇ ಕಾರಣಕ್ಕೆ. ಇನ್ನು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ. ಅಲ್ಲಿನ ಕಾರ್ಮಿಕರ ಮನೆಗೆ ತಿಂಗಳ ಪಗಾರ.

ಈ ಮೂವರಿಗೂ ಒಂದೇ ದಿನ 'ಬಾಕಿ ಕಟ್ಟಿರಿ' ಅಂತ ವಾಟ್ಸಾಪ್ ಹಾಕಿದ್ರೆ ಏನಾಗುತ್ತೆ? ಪಗಾರದವರು ಫೋನ್‌ಪೇ ಮಾಡ್ತಾರೆ. ಭತ್ತದವರು 'ಸುಗ್ಗಿ ಆಗಲಿ ತಡೀರಿ' ಅಂತಾರೆ. ಮಳೆ ಕೈಕೊಟ್ಟ ತೊಗರಿ ರೈತ ಮಾತ್ರ ಉತ್ತರ ಕೊಡಲ್ಲ. ಮುಂದಿನ ವರ್ಷ ನಿಮ್ಮ ಅಂಗಡಿ ಮುಂದಿನ ರಸ್ತೆಯಲ್ಲೇ ಬರಲ್ಲ. ಅವನು ಮೋಸಗಾರ ಅಲ್ರೀ, ಅವನಿಗೆ ಮುಖ ತೋರಿಸೋಕೆ ನಾಚಿಕೆ. ಉದ್ರಿ ವ್ಯಾಪಾರದಲ್ಲಿ ಎಷ್ಟೋ ಗಿರಾಕಿ ಕೈತಪ್ಪೋದು ಹೀಗೇ.

ಒಂದೇ ಕಾಲುವೆಯಲ್ಲೂ ಎಲ್ಲರ ಪಾಡು ಒಂದೇ ಅಲ್ಲ. ಮೇಲ್ಭಾಗದ ಗದ್ದೆಗೆ ನೀರು ತುಂಬಿದಾಗ ಕೊನೆ ಭಾಗದ ರೈತ ಇನ್ನೂ ಕಾಲುವೆ ದಂಡೆ ಮೇಲೆ ಕಾಯ್ತಿರ್ತಾನೆ.

ಹಂಗಾಗಿ ಖಾತೆ ಪುಸ್ತಕದಲ್ಲಿ ಹೆಸರು, ಬಾಕಿ ಪಕ್ಕ ಇನ್ನೂ ಮೂರು ಕಾಲಂ ಹಾಕ್ರಿ. ನೀರು ಎಲ್ಲಿಂದ? ದುಡ್ಡು ಯಾವ ತಿಂಗಳು? ಬೆಳೆ ಕೆಟ್ಟರೆ ಬೇರೆ ಆದಾಯ ಏನು? ಮೊಬೈಲಲ್ಲಿ ಎಕ್ಸೆಲ್ ಇದ್ರೆ ಅದೂ ನಡೆಯುತ್ತೆ.

ಈ ಕಾಲಂ ನಿಮ್ಮ ಅಪಾಯವನ್ನೂ ತೋರಿಸುತ್ತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯ್ತು. ತಾತ್ಕಾಲಿಕ ಗೇಟ್ ಕೂರಿಸೋ ತನಕ ನೀರು ನದಿಗೆ ಹರೀತು, ರೈತರ ನಿದ್ದೆ ಹೋಯ್ತು. ನಿಮ್ಮ ಉದ್ರಿಯೆಲ್ಲ ಒಂದೇ ಡ್ಯಾಂ ನಂಬಿಕೊಂಡಿದ್ರೆ ಅಂಥ ರಾತ್ರಿ ನಿಮಗೂ ನಿದ್ದೆ ಬರಲ್ಲ.

ಇನ್ನೊಂದು ಮಾತು. ಈ ಲೆಕ್ಕ ಇರೋದು ಗಿರಾಕಿನ ಹಿಂಡೋಕಲ್ಲ. ದುಡ್ಡು ಬಂದ ತಿಂಗಳು ನೋಡಿ ಬೇಡದ ಔಷಧಿ ತಲೆಗೆ ಕಟ್ಟಿದ್ರೆ ಒಂದು ಸಲ ಲಾಭ, ಆಮೇಲೆ ಊರೆಲ್ಲ ಸುದ್ದಿ. ಬದಲಿಗೆ ಮಳೆ ಹೋದ ತಿಂಗಳೇ ನೀವಾಗಿ ಫೋನ್ ಮಾಡ್ರಿ. 'ಕಾಕಾ, ಬಾಕಿ ಕೇಳಾಕ ಮಾಡಿಲ್ರಿ. ಬೆಳಿ ಹೆಂಗೈತಿ? ಕಂತು ಮಾಡಿಕೊಳ್ಳೋಣೇನು?' ಈ ಒಂದು ಮಾತಿಗೆ ಅವರು ರಸ್ತೆ ಬದಲಿಸಲ್ಲ.

ಇವತ್ತು ರಾತ್ರಿ ಅಂಗಡಿ ಮುಚ್ಚೋ ಮುಂಚೆ ಬರೀ ಇಪ್ಪತ್ತು ಖಾತೆ ತೆಗೀರಿ, ಮೂರು ಕಾಲಂ ತುಂಬ್ರಿ. ಯಾವ ಮನೆ ಖಾಲಿ ಉಳೀತೋ, ನಾಳೆ ಮೊದಲ ಫೋನ್ ಅಲ್ಲಿಗೇ ಹೋಗಲಿ. ಮತ್ತೆ ಸಿಗೋಣ್ರಿ.