ಕಲ್ಲು ಸಿಡಿಯುವುದೇಕೆ? ಕೋಲಾರದ ಗಣಿ ಕಲಿಸಿದ ಪಾಠ

ಹಸಿ ಜೇಡಿಮಣ್ಣನ್ನು ಅದುಮಿದರೆ ಚಪ್ಪಟೆಯಾಗುತ್ತದೆ. ಅದೇ ಮಣ್ಣಿನಿಂದ ಮಾಡಿ ಸುಟ್ಟ ಮಡಕೆಯನ್ನು ಅದುಮಿದರೆ ಬಾಗುವುದಿಲ್ಲ, ಒಡೆಯುತ್ತದೆ. ಹೀಗೆ ಬಾಗದೆ ಬಿರಿಯುವ ಪೆಡಸು ವಸ್ತುಗಳಲ್ಲಿ ಕಲ್ಲೂ ಒಂದು. ಆದರೆ ಒಡೆಯುವುದು ಬೇರೆ, ಸಿಡಿಯುವುದು ಬೇರೆ. ಬಂಡೆ ಮದ್ದಿನಂತೆ ಸಿಡಿಯುವುದನ್ನು ಕಂಡವರು ಕೋಲಾರದ ಚಿನ್ನದ ಗಣಿಯ ಕಾರ್ಮಿಕರು.

ಅಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ ಆರಂಭವಾದದ್ದು 1880ರಲ್ಲಿ. ಚಿನ್ನವಿದ್ದ ಬೆಣಚುಕಲ್ಲಿನ ಎಳೆ ಇಳಿದಂತೆ ಗಣಿಯೂ ಇಳಿಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಒಂದು ಚದರ ಸೆಂಟಿಮೀಟರ್, ಅಂದರೆ ಬೆರಳಿನ ಉಗುರಿನಷ್ಟು ಜಾಗದ ಮೇಲೆ, ಬಂಡೆಯ ಭಾರ 800 ಕಿಲೋಗ್ರಾಮಿಗೂ ಹೆಚ್ಚು.

ಹಾಗಾದರೆ ಗಣಿ ತೋಡುವ ಮೊದಲು ಆ ಬಂಡೆ ಏಕೆ ಸಿಡಿಯಲಿಲ್ಲ?

ಪೆಡಸು ವಸ್ತುಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಒತ್ತಡವೆಲ್ಲ ಅವುಗಳ ತುದಿಯಲ್ಲಿ ಕೂಡಿಕೊಳ್ಳುತ್ತದೆ. ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ಗಾಜಿನ ಪ್ರಯೋಗಗಳಿಂದ ಇದನ್ನು ವಿವರಿಸಿದರು. ಕಲ್ಲನ್ನು ಮೇಲಿನಿಂದ ಮಾತ್ರ ಒತ್ತಿದರೆ ಈ ಬಿರುಕುಗಳು ಪಕ್ಕಕ್ಕೆ ಬಾಯಿ ತೆರೆದು ಬೆಳೆಯುತ್ತವೆ. ಸುತ್ತಲಿಂದಲೂ ಅದುಮಿ ಹಿಡಿದರೆ ಬಾಯಿ ತೆರೆಯಲು ಎಡೆಯೇ ಇಲ್ಲ. ಥಿಯೊಡೋರ್ ಫಾನ್ ಕಾರ್ಮಾನ್ 1911ರಲ್ಲಿ ಅಮೃತಶಿಲೆಯನ್ನು ಹೀಗೆ ಅದುಮಿದಾಗ ಅದು ಚೂರಾಗದೆ ಆಕಾರವನ್ನಷ್ಟೇ ಬದಲಿಸಿತ್ತು. ಭೂಮಿಯೊಳಗಿನ ಬಂಡೆಯನ್ನು ಕಾಯುವುದೂ ಈ ಹಿಡಿತವೇ.

ಸುರಂಗ ತೋಡುವುದೆಂದರೆ ಆ ಹಿಡಿತವನ್ನು ಒಂದು ಕಡೆ ಬಿಡಿಸಿದಂತೆ. ತೆಗೆದ ಕಲ್ಲು ಹೊರುತ್ತಿದ್ದ ಭಾರವೂ ಉಳಿದ ಗೋಡೆಗೆ, ಕಂಬಕ್ಕೆ ಬೀಳುತ್ತದೆ. ಒತ್ತಿ ಹಿಡಿದ ಸ್ಪ್ರಿಂಗಿನಂತೆ ಶಕ್ತಿ ಕೂಡಿಟ್ಟುಕೊಂಡ ಬಂಡೆ ತಟ್ಟನೆ ಬಿರಿಯುತ್ತದೆ. ಇದೇ ಶಿಲಾಸ್ಫೋಟ. ಆಗಿನವರು ಇದನ್ನು 'ಏರ್ ಬ್ಲಾಸ್ಟ್' ಎಂದು ಕರೆಯುತ್ತಿದ್ದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 20ನೇ ಶತಮಾನದ ಆರಂಭದಲ್ಲೇ ಇದರ ಅಧ್ಯಯನ ನಡೆಸಿತು. ದೊಡ್ಡ ಸ್ಫೋಟಗಳಾದಾಗ ನೆಲದ ಮೇಲಿನ ಕಟ್ಟಡಗಳೂ ನಡುಗುತ್ತಿದ್ದವು. ಕೆಳಗೆ ದುಡಿಯುತ್ತಿದ್ದ ಎಷ್ಟೋ ಮಂದಿ ಮರಳಿ ಮನೆಗೆ ಬರಲಿಲ್ಲ.

ಪರಿಹಾರವೂ ಈ ತಿಳಿವಳಿಕೆಯಿಂದಲೇ ಬಂತು. ಮರದ ಆಸರೆ ಭಾರ ಹೊರುವ ಮೊದಲು ತಾನೇ ಕುಗ್ಗುತ್ತದೆ. ಅಷ್ಟರಲ್ಲಿ ಬಂಡೆ ಸರಿದಿರುತ್ತದೆ. ಆದ್ದರಿಂದ ಅದಿರು ತೆಗೆದ ಜಾಗದಲ್ಲಿ ಗ್ರಾನೈಟ್ ಕಲ್ಲು ಕಟ್ಟುವ ಪದ್ಧತಿ ಬಂತು. ಮುಂದೆ ಬಂಡೆಯೊಳಗಿನ ಸಣ್ಣ ಕಂಪನಗಳನ್ನು ಆಲಿಸುವ ಉಪಕರಣಗಳೂ ಬಂದವು. ದೊಡ್ಡ ಬಿರುಕಿಗೆ ಮುನ್ನ ಅನೇಕ ವೇಳೆ ಸಣ್ಣ ಬಿರುಕುಗಳು ಸದ್ದು ಮಾಡುತ್ತವೆ. ಇಷ್ಟಾದರೂ ಅಪಾಯ ಪೂರ್ತಿ ತಪ್ಪಲಿಲ್ಲ.

ಗಣಿ 2001ರಲ್ಲಿ ಮುಚ್ಚಿತು. ಆದರೆ 1988ರಲ್ಲಿ ಕೆಜಿಎಫ್‌ನಲ್ಲಿ ಆರಂಭವಾದ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆಯ ಮೂಲಕ ಈ ವಿದ್ಯೆ ದೇಶದ ಅಣೆಕಟ್ಟು, ಸುರಂಗಗಳ ಕೆಲಸಕ್ಕೂ ಒದಗಿದೆ. ಕೋಲಾರದ ಚಿನ್ನದ ಲೆಕ್ಕ ಬರೆಯುವವರು ಈ ವಿದ್ಯೆಯನ್ನೂ, ಅದಕ್ಕೆ ತೆತ್ತ ಪ್ರಾಣಗಳನ್ನೂ ಮರೆಯುವಂತಿಲ್ಲ.