ಮ್ಯೂಸಿಯಂನಲ್ಲಿ ಒಂದೂವರೆ ಗಂಟೆ: ಯಾವ ಸಾಲು ಓದಬೇಕು?

ನಾನು ಕಲಾವಿಮರ್ಶಕ ಅಲ್ಲ, ಇತಿಹಾಸ ಓದಿದವನೂ ಅಲ್ಲ. ಎಂಟೆಕ್ ಮಾಡಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಬೇರೆ ಊರಿಗೆ ಹೋದಾಗ ಅರ್ಧ ದಿನ ಬಿಡುವು ಸಿಕ್ಕಿದರೆ ಅಲ್ಲಿನ ಮ್ಯೂಸಿಯಂಗೆ ಹೋಗೋದು ನನ್ನ ಅಭ್ಯಾಸ. ಇವತ್ತಿನ ಪ್ರಶ್ನೆ ಚಿಕ್ಕದು: ನನ್ನಂಥ ಸಾಮಾನ್ಯ ಪ್ರವಾಸಿ ಮ್ಯೂಸಿಯಂಗೆ ಹೋದರೆ, ಇರೋ ಸ್ವಲ್ಪ ಹೊತ್ತಲ್ಲಿ ಏನು ನೋಡಬೇಕು?

ನಾವೆಲ್ಲ ಏನು ಮಾಡ್ತೀವಿ ಅಂತ ನಿಮಗೇ ಗೊತ್ತು. ಮೊದಲ ಕೋಣೆಯಲ್ಲಿ ಪ್ರತಿಯೊಂದು ಲೇಬಲ್ಲನ್ನೂ ಓದ್ತೀವಿ. ಮೂರನೇ ಕೋಣೆಗೆ ಬರೋ ಹೊತ್ತಿಗೆ ಕಾಲು ನೋವು ಶುರು. ಐದನೇ ಕೋಣೆಯಲ್ಲಿ ಕಣ್ಣು ಬೆಂಚು ಹುಡುಕ್ತಾ ಇರುತ್ತೆ. ನಾನು ಹೇಳೋ ದಾರಿ ಬೇರೆ. ಮನಸ್ಸಿಗೆ ಹಿಡಿಸಿದ ಎರಡೋ ಮೂರೋ ವಸ್ತು ಆರಿಸಿಕೊಳ್ಳಿ. ಲೇಬಲ್‌ನಲ್ಲಿ ಶತಮಾನ, ವಂಶ, ಶೈಲಿ ಇರುತ್ತೆ, ಅದಿರಲಿ. "ಸಿಕ್ಕ ಸ್ಥಳ" ಅಂತ ಒಂದು ಸಾಲು ಇರುತ್ತಲ್ಲ, ಅದನ್ನು ಓದಿ. ಯಾಕೆ ಅಂತ ವಿಜಯವಾಡದ ಉದಾಹರಣೆ ಇಟ್ಟುಕೊಂಡು ಹೇಳ್ತೀನಿ.

ವಿಜಯವಾಡದ ಬೆಂಜ್ ಸರ್ಕಲ್ ಎರಡು ಹೆದ್ದಾರಿ ಕೂಡುವ ಜಾಗ. ಒಂದು ಚೆನ್ನೈ–ಕೋಲ್ಕತ್ತ ರಸ್ತೆ. ಇನ್ನೊಂದು ಪುಣೆಯಿಂದ ಹೊರಟು, ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್ ದಾಟಿ, ಹೈದರಾಬಾದ್ ಮೇಲೆ ಮಚಲೀಪಟ್ಟಣಕ್ಕೆ ಹೋಗುತ್ತೆ. ಇಲ್ಲಿಂದ ಊರೊಳಗೆ ಹೋಗೋ ಬಂದರ್ ರೋಡ್‌ನಲ್ಲೇ ಬಾಪು ಮ್ಯೂಸಿಯಂ ಇದೆ. ಇದರ ಹಳೇ ಹೆಸರು ವಿಕ್ಟೋರಿಯಾ ಜುಬಿಲಿ ಮ್ಯೂಸಿಯಂ. 1887ರಲ್ಲಿ ಅಡಿಗಲ್ಲು ಹಾಕಿದ್ದು, 2020ರಲ್ಲಿ ಹೊಸ ಹೆಸರಿನಿಂದ ಮತ್ತೆ ತೆರೆದದ್ದು. ಒಳಗೆ ಈ ಸೀಮೆಯದೇ ಅಲ್ಲೂರಿನಲ್ಲಿ ಸಿಕ್ಕ ನಿಂತ ಬುದ್ಧ ಇದ್ದಾನೆ. ಬಿಳಿ ಸುಣ್ಣದಕಲ್ಲು, 3–4ನೇ ಶತಮಾನದ್ದು. ಅವನ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಿ. ಆಮೇಲೆ ಕೇಳಿಕೊಳ್ಳಿ: ಇಂಥ ಬಿಳಿ ಕಲ್ಲಿನ ಕೆತ್ತನೆಗೇ ಹೆಸರಾದ ಅಮರಾವತಿ ಇಲ್ಲೇ ಪಕ್ಕದಲ್ಲಿದೆ, ಆ ಮಹಾಸ್ತೂಪದ ಕಲ್ಲುಗಳು ಎಲ್ಲಿ ಹೋದವು?

ಆ ಕಥೆ ಹೀಗಿದೆ. 1790ರ ದಶಕದಲ್ಲಿ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅಮರಾವತಿಯಲ್ಲಿ ಹೊಸ ಪೇಟೆ ಕಟ್ಟಿಸುವಾಗ ಅಲ್ಲಿನ ದಿಬ್ಬ ಅಗೆದು ಇಟ್ಟಿಗೆ, ಕಲ್ಲು ತೆಗೆದರು. ಸುದ್ದಿ ತಿಳಿದು ಕಾಲಿನ್ ಮೆಕೆಂಜಿ ಬಂದು ನೋಡಿದ. ಮುಂದೆ ಮೈಸೂರು ಸೀಮೆಯ ಸರ್ವೆ ಮಾಡಿದ ಮೆಕೆಂಜಿ ಇವನೇ. ಎಷ್ಟೋ ಕೆತ್ತನೆಗಳು ಸುಟ್ಟು ಸುಣ್ಣವಾದವು. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಸಿದ ಕಲ್ಲುಗಳು ಮದರಾಸಿಗೆ, ಅಲ್ಲಿಂದ 1859ರಲ್ಲಿ ಲಂಡನ್ನಿಗೆ ಹೋದವು. ಇವತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿ ಅಮರಾವತಿಯ ನೂರಕ್ಕೂ ಹೆಚ್ಚು ಶಿಲ್ಪಗಳಿವೆ. ಇನ್ನೊಂದು ದೊಡ್ಡ ಪಾಲು ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿದೆ. ಉಳಿದ ಕೆಲವು ಅಮರಾವತಿಯಲ್ಲೇ ಇವೆ.

1877ರಲ್ಲಿ ಅಲ್ಲಿ ಅಗೆದವನು ರಾಬರ್ಟ್ ಸಿವೆಲ್. ಹೌದು, 1900ರಲ್ಲಿ ಇಂಗ್ಲಿಷಿನಲ್ಲಿ ವಿಜಯನಗರದ ಚರಿತ್ರೆ ಬರೆದು ಹಂಪಿಯ ಕಡೆ ಜಗತ್ತು ತಿರುಗಿ ನೋಡೋ ಹಾಗೆ ಮಾಡಿದ ಅದೇ ಸಿವೆಲ್. ಬಾಪು ಮ್ಯೂಸಿಯಂನ ಅಡಿಗಲ್ಲು ಹಾಕಿದವನೂ ಅವನೇ, ಆಗ ಇಲ್ಲಿ ಕಲೆಕ್ಟರ್ ಆಗಿದ್ದ. ಅವನ ನಂತರ, 1880ರಲ್ಲಿ, ಮದರಾಸು ಗವರ್ನರ್ ಆದೇಶದ ಮೇಲೆ ಇಡೀ ದಿಬ್ಬವನ್ನೇ ತೋಡಿ ಹಾಕಿದರು. ಯಾವ ಕಲ್ಲು ಎಲ್ಲಿತ್ತು ಅನ್ನೋದಕ್ಕೆ ಸರಿಯಾದ ದಾಖಲೆ ಉಳಿಯಲಿಲ್ಲ.

ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಡೇಟಾ ಇದೆ, ಒಂದು ಕಾಲಂ ಅಳಿಸಿ ಹೋಗಿದೆ. ಅದನ್ನು ಆಮೇಲೆ ಎಷ್ಟು ದುಡ್ಡು ಸುರಿದರೂ ತುಂಬೋಕೆ ಆಗಲ್ಲ. ಚಪ್ಪಡಿ ಎಷ್ಟೇ ಸುಂದರವಾಗಿರಲಿ, ಅದರ ಎಡಕ್ಕೆ ಯಾವ ಕಥೆ ಇತ್ತು, ಬಲಕ್ಕೆ ಯಾವುದು, ಭಕ್ತರು ಸುತ್ತು ಬರುವಾಗ ಮೊದಲು ಕಂಡದ್ದು ಯಾವುದು ಅಂತ ಪಂಡಿತರು ಇವತ್ತಿಗೂ ಊಹೆ ಮಾಡಬೇಕು.

ಹಾಗಂತ "ತೆಗೆದುಕೊಂಡು ಹೋದವರೆಲ್ಲ ಕಳ್ಳರು" ಅಂದು ಮುಗಿಸಿಬಿಡೋದೂ ಸರಿಯಲ್ಲ. ಅಲ್ಲೇ ಉಳಿದ ಕಲ್ಲುಗಳಲ್ಲಿ ಎಷ್ಟೋ ಸುಣ್ಣದ ಭಟ್ಟಿಗೆ ಹೋದವು. ಸಾಗಿಸಿದ್ದು ಉಳಿಯಿತು, ಆದರೆ ಒಡಹುಟ್ಟಿದವರಿಂದ ದೂರವಾಯಿತು. ಎರಡೂ ನಿಜ. "ಸಿಕ್ಕ ಸ್ಥಳ" ಅನ್ನೋ ಒಂದು ಸಾಲು ಈ ಎರಡು ನಿಜವನ್ನೂ ಒಟ್ಟಿಗೆ ನೆನಪಿಸುತ್ತೆ.

ಈಗ ನಮ್ಮ ಮನೆ ವಿಷಯಕ್ಕೆ ಬರ್ತೀನಿ. ವಿಜಯವಾಡದ ಕೃಷ್ಣೆಯಲ್ಲಿ ಹರಿಯೋ ನೀರಿನಲ್ಲಿ ನಮ್ಮ ಭೀಮೆಯ ನೀರೂ ಇದೆ. ಭೀಮೆ ರಾಯಚೂರಿನ ಕಡೆ ಕೃಷ್ಣೆಗೆ ಸೇರುತ್ತೆ. ಅದೇ ಭೀಮೆಯ ದಂಡೆಯಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಕನಗನಹಳ್ಳಿ ಇದೆ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಇಲ್ಲಿ ಅಗೆದಾಗ ಅಮರಾವತಿಯ ಹಾಗೇ ಸುಣ್ಣದಕಲ್ಲಿನ ದೊಡ್ಡ ಸ್ತೂಪ ಸಿಕ್ಕಿತು. ಒಂದು ಚಪ್ಪಡಿಯಲ್ಲಿ ದೊರೆ, ಜೊತೆಗೆ ರಾಣಿ, ಛತ್ರಿ ಚಾಮರ ಹಿಡಿದ ಪರಿಚಾರಿಕೆಯರು. ಮೇಲೆ ಬ್ರಾಹ್ಮಿ ಅಕ್ಷರದಲ್ಲಿ "ರಾಯೋ ಅಸೋಕೋ", ಅಂದರೆ ರಾಜ ಅಶೋಕ. ಕೆತ್ತಿದವರೇ ಲೇಬಲ್ ಹಾಕಿ ಹೋಗಿದ್ದಾರೆ! ಆ ಹೆಸರು ಇರಲಿಲ್ಲ ಅಂದಿದ್ದರೆ ನಮಗೆ ಅವನು ಯಾರೋ ಒಬ್ಬ ದೊರೆ, ಅಷ್ಟೇ.

ಆ ಕಲ್ಲುಗಳು ಲಂಡನ್ನಿಗೆ ಹೋಗಲಿಲ್ಲ, ಮದರಾಸಿಗೂ ಹೋಗಲಿಲ್ಲ. ತಾವು ಹುಟ್ಟಿದ ಜಾಗದಲ್ಲೇ ಇವೆ. ಆದರೆ ವರ್ಷಗಟ್ಟಲೆ ಬಿಸಿಲು ಮಳೆಗೆ ಬಯಲಲ್ಲೇ ಬಿದ್ದಿದ್ದವು. ಜೀರ್ಣೋದ್ಧಾರದ ಕೆಲಸ ಶುರುವಾಗಿದ್ದು ಈಚೆಗೆ. ಅಮರಾವತಿ ಕಳೆದುಕೊಂಡ ಕಾಲಂ ನಮ್ಮಲ್ಲಿ ಇನ್ನೂ ಉಳಿದಿದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಇಲಾಖೆಯ ಜೊತೆ ಜನವೂ ಬೇಕು. ಯಾರೂ ಹೋಗದ ಜಾಗದ ಬಗ್ಗೆ ಯಾರೂ ಕೇಳೋದಿಲ್ಲ.

ಆದ್ದರಿಂದ ಮುಂದಿನ ಸಲ ಲಂಡನ್, ಚೆನ್ನೈ, ವಿಜಯವಾಡ, ಎಲ್ಲೇ ಆಗಲಿ ಮ್ಯೂಸಿಯಂಗೆ ಹೋದರೆ ಆ ಒಂದು ಸಾಲು ಓದಿ, ಆ ಊರು ನಕ್ಷೆಯಲ್ಲಿ ಎಲ್ಲಿದೆ ಅಂತ ಫೋನಲ್ಲೇ ಹುಡುಕಿ. ಹಂಪಿ, ಬಾದಾಮಿ ನೋಡಿದ್ದೀವಿ ಅನ್ನೋರು ಒಂದು ಸಲ ವಾಡಿ ಜಂಕ್ಷನ್‌ನಲ್ಲಿ ಇಳಿದು ಕನಗನಹಳ್ಳಿಗೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.