ಶತ್ರುವಿನ ಶತ್ರು: ಮೂರು ವೃತ್ತಗಳಲ್ಲಿ ಒಂದು ದ್ವೀಪ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೈದ್ಯನನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡುತ್ತಾನೆಂದು ತಾವು ನಿರೀಕ್ಷಿಸಿರುತ್ತೀರಿ. ಊಟಕ್ಕೆ ಹೋಳಿಗೆ ಇರುವ ದಿನ ಆ ಪಾಪ ನನಗೆ ಬೇಡ. ಇಂದು ಬೆಕ್ಕು, ಇಲಿ ಮತ್ತು ಒಂದು ಕಡಲಹಕ್ಕಿಯ ಕಥೆ ಹೇಳುತ್ತೇನೆ. ಆ ಕಥೆಯನ್ನು ಮನೆಯ ಕಂಪ್ಯೂಟರಿನಲ್ಲಿ ತಾವೇ ಆಡಿಸಿ ನೋಡುವ ಬಗೆಯನ್ನೂ ತಿಳಿಸುತ್ತೇನೆ.

ಆಕ್ಲೆಂಡಿನಿಂದ ಸುಮಾರು 80 ಕಿ.ಮೀ. ದೂರದ ಕಡಲಿನಲ್ಲಿ ಹೌಟುರು ಎಂಬ ದ್ವೀಪವಿದೆ. ಇಂಗ್ಲಿಷರು ಇಟ್ಟ ಹೆಸರು ಲಿಟ್ಲ್ ಬ್ಯಾರಿಯರ್. 1895ರಿಂದಲೂ ಅದು ರಕ್ಷಿತ ಪ್ರದೇಶ, ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಕುಕ್ಸ್ ಪೆಟ್ರೆಲ್ ಎಂಬ ಹಕ್ಕಿ ಅಲ್ಲಿ ನೆಲದಲ್ಲಿ ಬಿಲ ತೋಡಿ ವರ್ಷಕ್ಕೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಬೇಸಿಗೆಯ ರಾತ್ರಿಗಳಲ್ಲಿ ಈ ಹಕ್ಕಿಗಳು ನಮ್ಮ ಆಕ್ಲೆಂಡಿನ ಮನೆಗಳ ಮೇಲೆಯೇ ಕೂಗುತ್ತ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹಾರಿಹೋಗುತ್ತವೆ. ಕಿವಿಗೊಟ್ಟರೆ ಕೇಳುತ್ತದೆ.

ಆ ದ್ವೀಪಕ್ಕೆ ಕಿಯೊರೆ ಎಂಬ ಇಲಿ ಬಂದದ್ದು ಮಾವೊರಿ ಪೂರ್ವಜರ ದೋಣಿಗಳ ಜೊತೆ; ಬೆಕ್ಕು ಬಂದದ್ದು ಬಹಳ ತಡವಾಗಿ, ಯುರೋಪಿಯನ್ನರ ಜೊತೆ. ಬೆಕ್ಕು ದೊಡ್ಡ ಹಕ್ಕಿಗಳನ್ನೇ ಹಿಡಿದು ತಿನ್ನುತ್ತಿತ್ತು. ಹಾಗಾಗಿ ವರ್ಷಗಟ್ಟಲೆ ಶ್ರಮಪಟ್ಟು 1980ರ ಹೊತ್ತಿಗೆ ಕೊನೆಯ ಬೆಕ್ಕನ್ನೂ ತೆಗೆದರು. ಇನ್ನು ಹಕ್ಕಿಗೆ ಸುಖವೆಂದು ಯಾರಾದರೂ ಅಂದುಕೊಳ್ಳಬೇಕಾದದ್ದೇ. ಆದರೆ ಮರಿ ಹಾರುವವರೆಗೆ ಉಳಿಯುವ ಗೂಡುಗಳ ಪ್ರಮಾಣ ಏರುವ ಬದಲು ಇಳಿಯಿತು. ಮೊಟ್ಟೆ, ಮರಿಗಳನ್ನು ತಿನ್ನುವ ಇಲಿಯನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದದ್ದು ಅದೇ ಬೆಕ್ಕು! 2004ರಲ್ಲಿ ಇಲಿಗಳನ್ನೂ ನಿರ್ಮೂಲ ಮಾಡಿದ ಮೇಲೆಯೇ ಗೂಡುಗಳು ಚೇತರಿಸಿಕೊಂಡವು. ಮ್ಯಾಟ್ ರೇನರ್ ಮತ್ತು ಅವರ ಸಂಗಡಿಗರು 2007ರಲ್ಲಿ ಈ ವಿವರಗಳನ್ನು ಪ್ರಕಟಿಸಿದರು. ಅದರಲ್ಲಿ ನನ್ನ ಗಮನ ಸೆಳೆದ ಒಂದು ಸಂಗತಿಯಿದೆ: ಬೆಕ್ಕು ಹೋದ ಮೇಲಿನ ಈ ನಷ್ಟ ದ್ವೀಪದ ಎಲ್ಲ ಕಡೆ ಒಂದೇ ಸಮವಾಗಿರಲಿಲ್ಲ, ಎತ್ತರದ ಜಾಗಗಳಲ್ಲಿ ಹೆಚ್ಚಾಗಿತ್ತು.

ಈಗ ಕಂಪ್ಯೂಟರಿನ ಮಾತು. ಲೂಪಿ ಎಂಬ ಉಚಿತ ತಂತ್ರಾಂಶವಿದೆ, ನಿಕಿ ಕೇಸ್ ಎಂಬುವರು 2017ರಲ್ಲಿ ಮಾಡಿದ್ದು. ಅಂತರ್ಜಾಲದಲ್ಲಿ ತೆರೆದರೆ ಸಾಕು, ಯಾವುದನ್ನೂ ತುಂಬಿಕೊಳ್ಳಬೇಕಾಗಿಲ್ಲ. ಮೂರು ವೃತ್ತ ಬರೆಯಿರಿ: ಬೆಕ್ಕು, ಇಲಿ, ಹಕ್ಕಿ. ತಿನ್ನುವವನಿಂದ ತಿನ್ನಿಸಿಕೊಳ್ಳುವವನ ಕಡೆಗೆ ಬಾಣ ಎಳೆದು ಋಣ ಚಿಹ್ನೆ ಹಾಕಿ. ಬೆಕ್ಕಿನಿಂದ ಇಲಿಗೆ ಒಂದು, ಬೆಕ್ಕಿನಿಂದ ಹಕ್ಕಿಗೆ ಒಂದು, ಇಲಿಯಿಂದ ಹಕ್ಕಿಗೆ ಇನ್ನೊಂದು. ಈಗ ಬೆಕ್ಕನ್ನು ಕಡಿಮೆ ಮಾಡಿ. ಹಕ್ಕಿಯ ಮಟ್ಟ ಮೊದಲು ಏರುತ್ತದೆ. ಆಮೇಲೆ ಇಲಿಯ ದಾರಿ ಬಳಸಿಕೊಂಡು ಬಂದ ಸುದ್ದಿ ಅದನ್ನು ಇಳಿಸುತ್ತದೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂದು ಶಾಲೆಯಲ್ಲಿ ಮೇಷ್ಟ್ರು ಉರು ಹೊಡೆಸಿದ್ದರಲ್ಲ, ಶತ್ರುವಿನ ಶತ್ರು ಮಿತ್ರ ಎನ್ನುವುದೂ ಅದೇ ಲೆಕ್ಕ.

ಏರಿದ್ದು ಹೆಚ್ಚೋ, ಇಳಿದದ್ದು ಹೆಚ್ಚೋ? ಲೂಪಿ ಅದನ್ನು ಹೇಳಲಾರದು. ಅದಕ್ಕೆ ಇನ್‌ಸೈಟ್ ಮೇಕರ್ ಎಂಬ ಇನ್ನೊಂದಿದೆ, ಅದೂ ಉಚಿತ. ಅಲ್ಲಿ ಅಂಕಿ ಕೊಡಬೇಕು: ಇಲಿ ವರ್ಷಕ್ಕೆ ಎಷ್ಟು ಮರಿ ಹಾಕುತ್ತದೆ, ಒಂದು ಬೆಕ್ಕು ಎಷ್ಟು ಇಲಿ ತಿನ್ನುತ್ತದೆ, ಇತ್ಯಾದಿ. ಐವತ್ತು ವರ್ಷದ ಗೆರೆ ಕ್ಷಣಮಾತ್ರದಲ್ಲಿ ಮೂಡುತ್ತದೆ. ಒಂದು ಅಂಕಿಯನ್ನು ಸ್ವಲ್ಪ ಬದಲಿಸಿದರೆ ಏರುತ್ತಿದ್ದ ಗೆರೆ ಇಳಿಯಲೂಬಹುದು. ಗೆರೆ ಎಷ್ಟು ಚೆಂದವಾಗಿದೆ ಎಂಬುದಕ್ಕೆ ಬೆಲೆಯಿಲ್ಲ, ಅಂಕಿ ಎಲ್ಲಿಂದ ಬಂತು ಎಂಬುದಕ್ಕೆ ಬೆಲೆ. ಹೌಟುರುವಿನ ಬೆಟ್ಟದ ತುದಿಗೂ ಬುಡಕ್ಕೂ ಒಂದೇ ಅಂಕಿ ಹೊಂದುವುದಿಲ್ಲ ಎಂದ ಮೇಲೆ, ಇಡೀ ದೇಶಕ್ಕೆ ಒಂದೇ ಅಂಕಿ ಹೇಳುವವರನ್ನು ನಾನು ನಂಬುವುದಿಲ್ಲ.

ವೈದ್ಯರಿಗೆ ಇದು ಹೊಸದಲ್ಲ. ಬಲವಾದ ಆಂಟಿಬಯೋಟಿಕ್ ಕೊಟ್ಟಾಗ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಗಳೂ ಸತ್ತು, ಅವುಗಳ ಒತ್ತಿನಲ್ಲಿ ತಲೆಯೆತ್ತದೆ ಇದ್ದ ಕ್ಲಾಸ್ಟ್ರಿಡಿಯಂ ಬೆಳೆದು ಭೇದಿ ಹಿಡಿಯುವುದನ್ನು ರೆಸಿಡೆನ್ಸಿಯ ದಿನಗಳಲ್ಲಿ ಸಾಕಷ್ಟು ನೋಡಿದ್ದೇನೆ. ಹಾಗೆಂದು ಆಂಟಿಬಯೋಟಿಕ್ ಬಿಡುತ್ತೇವೆಯೇ? ಇಲ್ಲ, ಮುಂದೆ ಏನಾಗಬಹುದೆಂದು ಕಾದು ನೋಡುತ್ತೇವೆ. ಹೌಟುರುವಿನಲ್ಲೂ ಬೆಕ್ಕನ್ನು ತೆಗೆದದ್ದು ಸರಿಯೇ, ಅಷ್ಟಕ್ಕೇ ನಿಲ್ಲುವಂತಿರಲಿಲ್ಲ.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನೂ ಹೀಗೆಯೇ ಬರೆದು ನೋಡಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಬೆಳಕಿಗೆ ಬಂದ ರೋಗ ಅದು. ಉಣ್ಣೆ, ಕಾಡಿಲಿ, ಮಂಗ, ದನ, ಮನುಷ್ಯ ಎಂದು ವೃತ್ತ ಹಾಕಿ. ಮಂಗ ಸತ್ತು ಬಿದ್ದ ಜಾಗದಲ್ಲಿ ಸೋಂಕಿನ ಉಣ್ಣೆ ಉದುರುತ್ತದೆ. ಬೆಳೆದ ಉಣ್ಣೆಗೆ ಕಾಡಿನಲ್ಲಿ ಮೇಯುವ ದನ ಆಹಾರ. ಮನುಷ್ಯನಿಂದ ಮನುಷ್ಯನಿಗೆ ರೋಗದ ಬಾಣವಿಲ್ಲ. ಆದರೆ ಕಾಡು ಕಡಿದು ದನ ಅಟ್ಟುವ ಬಾಣಗಳೆಲ್ಲ ಮನುಷ್ಯನಿಂದಲೇ ಹೊರಡುತ್ತವೆ. ಹೆದರಿ ಮಂಗನನ್ನು ಕೊಂದರೆ ಯಾವ ಬಾಣ ಅಳಿಯುತ್ತದೆ, ನೀವೇ ಹೇಳಿ.

ಇನ್ನು ನಮ್ಮ ಹಿತ್ತಲಿಗೆ ಬರೋಣ. 2050ರೊಳಗೆ ದೇಶದಿಂದ ಇಲಿ, ಸ್ಟೋಟ್, ಪಾಸಮ್‌ಗಳನ್ನು ನಿರ್ಮೂಲ ಮಾಡುವ ಗುರಿಯನ್ನು ಸರ್ಕಾರ 2016ರಲ್ಲಿ ಸಾರಿತು. ಶಾಲೆಗಳಲ್ಲೂ ಬೀದಿಗಳಲ್ಲೂ ಇಲಿಬೋನು ಹಂಚುತ್ತಾರೆ. ನಮ್ಮ ಮಕ್ಕಳು ಹೆಮ್ಮೆಯಿಂದ ತರುತ್ತಾರೆ, ಊರಿನಿಂದ ಬಂದ ಅಜ್ಜಿ ಗಾಬರಿಯಾಗುತ್ತಾರೆ: "ಗಣಪತಿಯ ವಾಹನವನ್ನು ಕೊಲ್ಲುತ್ತೀರೇನೋ?" ಅಜ್ಜಿಯ ಪ್ರಶ್ನೆಗೆ ಯಾವ ತಂತ್ರಾಂಶದಲ್ಲೂ ಉತ್ತರವಿಲ್ಲ, ನಗಬೇಡಿ. ಬೋನು ಇಡದೆ ಇದ್ದರೂ ಹಕ್ಕಿಯ ಮರಿ ಸಾಯುತ್ತದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ನಾನಂತೂ ಬೋನು ಇಟ್ಟಿದ್ದೇನೆ. ಆದರೆ ದೊಡ್ಡ ಇಲಿ ಹೋದ ಮೇಲೆ ಸಣ್ಣ ಇಲಿ, ಅಂದರೆ ಮೌಸ್, ಹೆಚ್ಚಬಹುದು. ಕಂಪ್ಯೂಟರಿನದ್ದಲ್ಲ, ಮಕ್ಕಳೇ! ಅದಕ್ಕೆ ಎರಡನ್ನೂ ಎಣಿಸಿ ಬರೆದಿಡುತ್ತೇನೆ.

ಸಭಾಂಗಣದ ಹಿಂದಿನ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇಟ್ಟಿದ್ದೇವೆ. ಊಟವಾದ ಮೇಲೆ ಮಕ್ಕಳು ಬನ್ನಿ, ಅಜ್ಜಿಯರನ್ನೂ ಕರೆತನ್ನಿ. ಬೋನಿನ ಲೆಕ್ಕ ಬರೆದಿಟ್ಟವರು ಯಾರಾದರೂ ಇದ್ದರೆ ಆ ಪುಸ್ತಕ ತನ್ನಿ, ಊಹೆಯ ಅಂಕಿಗಳ ಜಾಗದಲ್ಲಿ ನಿಮ್ಮ ಹಿತ್ತಲಿನ ಅಂಕಿಗಳನ್ನೇ ಹಾಕಿ ನೋಡೋಣ.